ಹೆಸರು ಕೆಟ್ಟ ವಿಶೇಷಣಗಳು

ಇದು ಈಗ್ಗೆ ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ವಚನಕಾರರ ಕಾಲದ ಪರಿಚಯ ಮಾಡಿಕೊಡುತ್ತಿದ್ದೆ. ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದೆ. ಅಕ್ಕಮಹಾದೇವಿ, ನೀಲಮ್ಮ, ಮುಕ್ತಾಯಕ್ಕ, ಲಕ್ಕಮ್ಮ, ಸತ್ಯಕ್ಕ ಎಂದು ಬರೆದು, ಆರನೆಯ ಹೆಸರಿಗೆ ಬಂದಾಗ ಕೈ ತಡೆಯಿತು. ಆಕೆಯ ಪೂರ್ಣ ಹೆಸರು ಸೂಳೆ ಸಂಕವ್ವ. ನಾನು ‘ಸಂಕವ್ವ’ ಎಂದಷ್ಟೇ ಬರೆದೆ. ಆದರೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಗ್ರಂಥಾಲಯದ ಪುಸ್ತಕದಲ್ಲಿ ಆ ಹೆಸರನ್ನು ಮೊದಲೇ ಓದಿಕೊಂಡಿದ್ದ. ಬಿಟ್ಟ ಮಾತನ್ನು ಅವನೇ ಕೂಗಿ ಹೇಳಿದ. ತರಗತಿಯೆಲ್ಲ ಗೊಳ್ಳೆಂದಿತು. ಕಡೆಯ ಸಾಲಿನಲ್ಲಿ ಕುಳಿತ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅವಳ ಅಜ್ಜಿ ಎಲ್ಲಮ್ಮನ ಜಗ ಹೊತ್ತು ಮನೆಮನೆಗೆ ಹೋಗುವ ಜೋಗತಿಯೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ. ನಾನು “ಸುಮ್ಮನಿರ್ರಿ” ಎಂದು ಗದರಿಸಿ, ಆ ಸಾಲನ್ನೇ ಒರೆಸಿ ಪಾಠ ಮುಂದುವರಿಸಿದೆ. ಗಂಟೆಯಾದ ಮೇಲೆ ಆ ಹುಡುಗಿ ಬಾಗಿಲಲ್ಲಿ ನಿಂತು ಕೇಳಿದಳು: “ಸರ, ಅಕಿ ಹೆಸರ ಯಾಕ ಒರಿಸಿದ್ರಿ?”

ಪಂಡಿತ ಪರೀಕ್ಷೆಯಲ್ಲಿ ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಒಪ್ಪಿಸಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆಗಾಗ ಆ ಕುರಿತು ಓದುತ್ತ, ಯೋಚಿಸುತ್ತ ಬಂದಿದ್ದೇನೆ. ಒಂದು ಮಾತು ಹೇಗೆ ಮೈಲಿಗೆಯಾಗುತ್ತದೆ? ಹುಟ್ಟುವಾಗಲೇ ಅದು ಕೆಟ್ಟ ಮಾತಾಗಿರುತ್ತದೆಯೋ, ಅಥವಾ ನಡುದಾರಿಯಲ್ಲಿ ಯಾರಾದರೂ ಅದಕ್ಕೆ ಕೆಸರು ಎರಚುವರೋ? ವಾಚಕರ ಮುಂದೆ ಈ ವಿಚಾರವನ್ನು ಇಂದು ಇಡಬಯಸುತ್ತೇನೆ.

ಮೊದಲು ಇಂಗ್ಲಿಷಿನ ಕಡೆಗೆ ನೋಡೋಣ. ಪರರ ಮನೆಯ ಪಾತ್ರೆಗಳನ್ನು ಎಣಿಸುವಾಗ ಸಂಕೋಚ ಕಡಿಮೆ. ಆ ಲೆಕ್ಕ ಕಲಿತ ಮೇಲೆ ನಮ್ಮ ಮನೆಯದನ್ನು ಎಣಿಸುವುದು ಸುಲಭ.

ಇಂಗ್ಲಿಷಿನಲ್ಲಿ ‘ನಾಟಿ’ ಎಂಬ ಗುಣವಾಚಕವೊಂದುಂಟು. ನಮ್ಮ ಭತ್ತದ ನಾಟಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಇಂದು ಅದನ್ನು ತುಂಟ ಮಗುವಿಗೂ ಹೇಳುತ್ತಾರೆ, ಸಿನಿಮಾದ ಜಾಹೀರಾತಿನಲ್ಲಿ ಬೇರೊಂದು ಕಣ್ಸನ್ನೆಯೊಡನೆಯೂ ಹೇಳುತ್ತಾರೆ. ಅದರ ಮೂಲ ‘ನಾಟ್’, ಎಂದರೆ ‘ಏನೂ ಇಲ್ಲ’. ಹದಿನಾಲ್ಕನೆಯ ಶತಮಾನದಲ್ಲಿ ‘ನಾಟಿ’ ಎಂದರೆ ಏನೂ ಇಲ್ಲದವನು, ಬಡವ. ಮುಂದೆ ಏನೂ ಇಲ್ಲದವನು ಏನಕ್ಕೂ ಬಾರದವನಾದ, ಬಾರದವನು ದುಷ್ಟನಾದ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ತಿನ್ನಲು ಬಾರದ ಅಂಜೂರದ ಹಣ್ಣುಗಳಿಗೆ ಈ ವಿಶೇಷಣವನ್ನೇ ಬಳಸಿದ್ದಾರೆ. ಕೊಳೆತ ಹಣ್ಣಿನಿಂದ ತುಂಟ ಮಗುವಿಗೆ, ತುಂಟ ಮಗುವಿನಿಂದ ಶೃಂಗಾರದ ಸನ್ನೆಗೆ ಈ ಮಾತು ಇಳಿದುಬಂತು. ಮೂಲದಲ್ಲಿದ್ದದ್ದು ಕೇವಲ ಬಡತನ.

ಇನ್ನೊಂದು ಮಾತು ‘ಲ್ಯೂಡ್’. ಇಂದು ಇದಕ್ಕೆ ಅಸಭ್ಯ, ಕಾಮುಕ ಎಂದು ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಪಾದ್ರಿಯಲ್ಲದವನು, ಅಕ್ಷರ ಬಾರದವನು ಎಂದಷ್ಟೇ ಅರ್ಥವಿತ್ತು. ಆ ಕಾಲದಲ್ಲಿ ಓದುಬರಹ ಬಲ್ಲವರು ಮಠದವರು. ಉಳಿದವರು ಹೊಲ ಉಳುವವರು, ದನ ಕಾಯುವವರು. ಬಲ್ಲವರ ಬಾಯಲ್ಲಿ ‘ಓದು ಬಾರದ’ ಎಂಬುದು ‘ಒರಟ’ ಎಂದಾಯಿತು, ‘ಒರಟ’ ಎಂಬುದು ‘ನೀಚ’ ಎಂದಾಯಿತು, ಕಡೆಗೆ ‘ಕಾಮುಕ’ ಎಂದಾಯಿತು. ‘ವಲ್ಗರ್’ ಎಂಬ ಮಾತಿನ ಹಾದಿಯೂ ಇಂಥದೇ. ಲ್ಯಾಟಿನ್ ಭಾಷೆಯ ‘ವಲ್ಗಸ್’ ಎಂದರೆ ಸಾಮಾನ್ಯ ಜನ. ಸಾಮಾನ್ಯ ಜನರದ್ದೆಲ್ಲ ಅಸಭ್ಯವೆಂದು ತೀರ್ಮಾನವಾದ ಮೇಲೆ ಮಾತಿಗೂ ಅದೇ ಗತಿಯಾಯಿತು.

ಮೂರನೆಯದು ‘ವಾಂಟನ್’. ಇದರಲ್ಲಿ ಎರಡು ತುಂಡುಗಳಿವೆ: ‘ವಾನ್’ ಎಂದರೆ ಇಲ್ಲದ, ಉಳಿದ ತುಂಡಿಗೆ ಎಳೆದು ಪಳಗಿಸಿದ ಎಂದರ್ಥ. ಮೂಗುದಾರವಿಲ್ಲದ್ದು, ಶಿಸ್ತಿಗೆ ಒಳಪಡದ್ದು ಎಂದು ತಾತ್ಪರ್ಯ. ನಮ್ಮ ಕಡೆಯ ‘ಬಿಡಾಡಿ’ ಎಂಬ ಮಾತಿಗೆ ಇದು ಸರಿಜೋಡಿ. ಮೊದಲು ಹಟಮಾರಿ ಹುಡುಗರಿಗೆ ಹೇಳುತ್ತಿದ್ದದ್ದು ಬರಬರುತ್ತ ಹೆಣ್ಣಿನ ನಡತೆಯ ಮೇಲಿನ ತೀರ್ಪಾಯಿತು.

ನಾಲ್ಕನೆಯದರ ಕತೆ ಇನ್ನೂ ವಿಚಿತ್ರ. ‘ಬಕ್ಸಮ್’ ಎಂದರೆ ಇಂದು ಮೈತುಂಬಿದ ಹೆಂಗಸು; ಹೇಳುವವನ ಕಣ್ಣು ಎಲ್ಲಿದೆಯೆಂಬುದನ್ನೂ ಆ ಮಾತು ಹೇಳುತ್ತದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಅದರ ಅರ್ಥ ಬಾಗುವ, ವಿಧೇಯ ಎಂದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮದುವಣಗಿತ್ತಿ ದೇವರ ಮುಂದೆ ಮಾಡುವ ಪ್ರತಿಜ್ಞೆಯಲ್ಲಿ ಈ ಮಾತು ಇತ್ತು. ‘ಬಾಗು’ ಎಂಬ ಅರ್ಥದ ಇಂಗ್ಲಿಷ್ ಧಾತುವಿನಿಂದ ಅದು ಹುಟ್ಟಿದೆ. ನಮ್ಮ ಕನ್ನಡದ ‘ಬಾಗು’ವಿಗೂ ಅದಕ್ಕೂ ನಂಟು ಕಟ್ಟಲು ಯಾರಾದರೂ ಮುಂದಾದಾರು, ಅದು ಬರಿಯ ಕಾಕತಾಳೀಯ. ಕಿವಿಗೆ ಒಂದೇ ಆಗಿ ಕೇಳಿದ್ದೆಲ್ಲ ಒಂದೇ ಬಳ್ಳಿಯದಲ್ಲ. ನಿಜವಾದ ನಂಟು ಬೇಕಾದರೆ ‘ನಗ್ನ’ ಎಂಬ ಸಂಸ್ಕೃತ ಶಬ್ದವನ್ನು ನೋಡಬೇಕು. ಅದೂ ಇಂಗ್ಲಿಷಿನ ‘ನೇಕೆಡ್’ ಎಂಬುದೂ ಒಂದೇ ತಾಯಿಯ ಮಕ್ಕಳು. ಹಾಗೆಯೇ ‘ಲಾಲಸೆ’ಗೂ ಇಂಗ್ಲಿಷಿನ ‘ಲಸಿವಿಯಸ್’ ಎಂಬುದಕ್ಕೂ ಬಹು ಹಿಂದಿನ ಸಂಬಂಧವುಂಟು. ಈ ಇಂಗ್ಲಿಷ್ ಮಾತು ಬಂದದ್ದು ಲ್ಯಾಟಿನ್ನಿನಿಂದ. ರೋಮಿನ ಕವಿ ವರ್ಜಿಲ್ ಅಲ್ಲಿ ಅದನ್ನು ಹಚ್ಚನೆಯ ಮೇವಿನ ಹಿಂದೆ ಜಿಗಿಯುತ್ತ ಹೋಗುವ ಒಂದು ಮೇಕೆಗೆ ವಿಶೇಷಣವಾಗಿ ಬಳಸಿದ್ದಾನೆ. ಮೇಕೆ ಕುಣಿದರೆ ಆಟ, ಮನುಷ್ಯರು ಕುಣಿದರೆ ಕಾಮ!

ಇಷ್ಟರಿಂದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಮಾತುಗಳಲ್ಲಿ ಒಂದಾದರೂ ಹುಟ್ಟಿನಿಂದ ಕೆಟ್ಟದ್ದಲ್ಲ. ಒಂದು ಬಡವನದು, ಒಂದು ಓದು ಬಾರದವನದು, ಒಂದು ಮೂಗುದಾರವಿಲ್ಲದ್ದು, ಒಂದು ವಿಧೇಯತೆಯದು, ಒಂದು ಆಟದ್ದು. ಅವುಗಳಿಗೆ ಬಣ್ಣ ಹಚ್ಚಿದವರು ನೋಡುವ ಜನ. ಭಾಷಾಶಾಸ್ತ್ರಜ್ಞರು ಇದಕ್ಕೆ ಹೀನಾರ್ಥಪ್ರಾಪ್ತಿ ಎನ್ನುವರು.

ಇಂಗ್ಲಿಷ್ ಮಾತುಗಳು ನಮ್ಮ ನಾಡಿಗೆ ಕಾಲಿಟ್ಟ ಬಗೆಯನ್ನೂ ಇಲ್ಲಿ ನೆನೆಯಬೇಕು. 1824ನೆಯ ಇಸವಿ ಕಿತ್ತೂರು ನಾಡಿನವರಾದ ನಮಗೆ ಮರೆಯುವಂಥದಲ್ಲ. ಆ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಹತನಾದನು. ಅವನ ಕೈಕೆಳಗಿನ ತರುಣ ಅಧಿಕಾರಿ ವಾಲ್ಟರ್ ಎಲಿಯಟ್ ಸೆರೆಸಿಕ್ಕನು. ರಾಣಿ ಚೆನ್ನಮ್ಮ ಅವನನ್ನು ಕೊಲ್ಲಿಸದೆ ಕಡೆಗೆ ಬಿಡುಗಡೆ ಮಾಡಿದಳು. ಚೆನ್ನಮ್ಮನಾದರೋ ಸೋತ ಮೇಲೆ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದು 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಅವಳ ಸಮಾಧಿ ಇಂದೂ ನಮ್ಮೂರಲ್ಲಿದೆ. ಕಾಕತಾಳೀಯವೆಂದರೆ, ಅದೇ 1824ರಲ್ಲಿ ಮದರಾಸಿನಲ್ಲಿ ರೆವರೆಂಡ್ ವಿಲಿಯಂ ರೀವ್ ಎಂಬ ಪಾದ್ರಿಯ ಇಂಗ್ಲಿಷ್–ಕರ್ನಾಟಕ ನಿಘಂಟು ಅಚ್ಚಾಯಿತು. ಒಂದು ಕಡೆ ಕತ್ತಿ, ಇನ್ನೊಂದು ಕಡೆ ಪದಕೋಶ. ಬಿಡುಗಡೆಯಾದ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದನು. ಅವನ ಹಿಂದೆ ಬಂದ ಫ್ಲೀಟ್ ಸವದತ್ತಿಯ ರಟ್ಟರ ಶಾಸನಗಳನ್ನೂ ಬಾದಾಮಿಯ ಸುತ್ತಿನ ಶಾಸನಗಳನ್ನೂ ಓದಿ ಪ್ರಕಟಿಸಿದನು. 1894ರಲ್ಲಿ ರೆವರೆಂಡ್ ಕಿಟ್ಟೆಲ್ಲರ ಮಹಾನಿಘಂಟು ಮಂಗಳೂರಿನಿಂದ ಹೊರಬಂತು. ಕನ್ನಡದ ಒಂದೊಂದು ಮಾತಿಗೂ ಅದರ ಹುಟ್ಟನ್ನೂ ನಡೆಯನ್ನೂ ಹುಡುಕಿ ನೋಡುವ ದಾರಿ ನಮಗೆ ತೆರೆದದ್ದು ಹೀಗೆ.

ಈಗ ನಮ್ಮ ಮನೆಯ ಪಾತ್ರೆಗಳನ್ನು ಎಣಿಸೋಣ. ಈ ಕೆಲಸಕ್ಕೆ ನಮ್ಮ ತಾಲೂಕು ತಕ್ಕ ಸ್ಥಳ. ‘ಕವಿರಾಜಮಾರ್ಗ’ವು ಸುಮಾರು 850ರಲ್ಲಿ ಕನ್ನಡದ ತಿರುಳಿನ ನಾಡನ್ನು ನಾಲ್ಕು ಊರುಗಳಿಂದ ಗುರುತಿಸಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಈ ಒಕ್ಕುಂದವೇ ಬೈಲಹೊಂಗಲ ತಾಲೂಕಿನ ಇಂದಿನ ವಕ್ಕುಂದ. ಸಂತೆಗೆ ಹೋಗಿಬರುವಾಗ ನಾವು ಹಾಯ್ದು ಬರುವ ಊರೊಂದು ಒಂದು ಕಾಲಕ್ಕೆ ಚೆನ್ನುಡಿಯ ಮೇರೆಯಾಗಿತ್ತು.

ಲಾಕ್ಷಣಿಕರು ಕಾವ್ಯದಲ್ಲಿ ಬರಬಾರದ ದೋಷಗಳನ್ನು ಹೇಳುವಾಗ ಎರಡು ಹೆಸರುಗಳನ್ನು ಮುಖ್ಯವಾಗಿ ಎತ್ತುತ್ತಾರೆ: ಗ್ರಾಮ್ಯ ಮತ್ತು ಅಶ್ಲೀಲ. ‘ಗ್ರಾಮ್ಯ’ ಎಂದರೆ ಗ್ರಾಮದ್ದು, ಹಳ್ಳಿಯದು, ಅಷ್ಟೆ. ನಗರದವನು ‘ನಾಗರಿಕ’ನಾಗಿ ಮೇಲೇರಿದ, ಹಳ್ಳಿಯವನ ಮಾತು ‘ಗ್ರಾಮ್ಯ’ವಾಗಿ ಕೆಳಗಿಳಿಯಿತು. ಇಂಗ್ಲಿಷಿನ ‘ವಲ್ಗರ್’ ನಡೆದ ದಾರಿಯಲ್ಲೇ ನಮ್ಮ ‘ಗ್ರಾಮ್ಯ’ವೂ ನಡೆದಿದೆ. ಇನ್ನು ‘ಅಶ್ಲೀಲ’. ಇದು ಹೇಸಿಗೆಯ ಮಾತೆಂದು ನಾವು ತಿಳಿದಿದ್ದೇವೆ. ಇದರ ಒಳಗಿರುವುದು ‘ಶ್ರೀ’. ಶ್ರೀ ಇಲ್ಲದ್ದು ಅಶ್ರೀಲ, ಅದೇ ಅಶ್ಲೀಲ. ಕಳೆಗುಂದಿದ್ದು, ಚೆಲುವಿಲ್ಲದ್ದು ಎಂದು ಮೂಲಾರ್ಥ. ಹನ್ನೊಂದನೆಯ ಶತಮಾನದ ಮಮ್ಮಟನು ಅಶ್ಲೀಲವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಸಾವನ್ನು ನೆನಪಿಗೆ ತರುವ ಮಾತೂ ಅವನ ಮತದಲ್ಲಿ ಅಶ್ಲೀಲವೇ! ಇಂದು ನಾವು ಆ ಮೂರರಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು ಉಳಿದ ಎರಡನ್ನು ಬಿಟ್ಟಿದ್ದೇವೆ.

‘ಬೆಡಗು’ ಎಂಬ ಮಾತನ್ನು ತೆಗೆದುಕೊಳ್ಳಿರಿ. ಇಂದು ಬೆಡಗಿ, ಬೆಡಗಿನ ನಡಿಗೆ ಎಂದರೆ ಒನಪು ವಯ್ಯಾರದ ಕಡೆಗೆ ಮನಸ್ಸು ಓಡುತ್ತದೆ. ಆದರೆ 997ರಿಂದ 1008ರ ವರೆಗೆ ಆಳಿದ ಚಾಲುಕ್ಯ ದೊರೆ ಸತ್ಯಾಶ್ರಯನಿಗೆ, ಎಂದರೆ ನಮ್ಮ ರನ್ನನ ಆಶ್ರಯದಾತನಿಗೆ, ‘ಇರಿವಬೆಡಂಗ’ ಎಂಬ ಬಿರುದಿತ್ತು. ರಣದಲ್ಲಿ ಇರಿಯುವುದರಲ್ಲಿ ಬೆರಗು ಹುಟ್ಟಿಸುವವನು ಎಂದು ತಾತ್ಪರ್ಯ. ರಾಜನ ಕತ್ತಿಯ ಮೇಲಿದ್ದಾಗ ಬೆಡಗು ಶೌರ್ಯ. ಹೆಣ್ಣಿನ ನಡಿಗೆಗೆ ಬಂದಾಗ ಅದು ಚೆಲ್ಲಾಟ.

‘ರಸಿಕ’ನು ರಸವನ್ನು ಬಲ್ಲವನು, ಸಂಗೀತ ಸಾಹಿತ್ಯಗಳ ಮರ್ಮಜ್ಞ. ಇಂದು ಯಾರನ್ನಾದರೂ ‘ಭಾರೀ ರಸಿಕ’ ಎಂದರೆ ಕೇಳುವವರು ಮುಸಿಮುಸಿ ನಗುವರು. ‘ವಿಟ’ನು ಸಂಸ್ಕೃತ ನಾಟಕಗಳಲ್ಲಿ ಕಲೆಗಳನ್ನು ಬಲ್ಲ, ಮಾತಿನಲ್ಲಿ ಚತುರನಾದ ಒಡನಾಡಿ, ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ವಿಟನ ಸಂಸ್ಕಾರವನ್ನು ನೋಡಬಹುದು. ಕನ್ನಡದಲ್ಲಿ ಅವನು ಬರಿಯ ಲಂಪಟನಾಗಿದ್ದಾನೆ. ‘ಲೋಲ’ ಎಂದರೆ ಅಲುಗಾಡುವುದು. ಕಿವಿಯ ಓಲೆ ಲೋಲವಾದರೆ ಅಂದ. ಮನಸ್ಸು ಲೋಲವಾದರೆ ಸ್ತ್ರೀಲೋಲ. ‘ಕಮನೀಯ’ವೂ ‘ಕಾಮುಕ’ನೂ ಒಂದೇ ಧಾತುವಿನಿಂದ ಹುಟ್ಟಿದವರು, ಒಬ್ಬರು ದೇವಸ್ಥಾನದ ವರ್ಣನೆಗೆ ಹೋದರು, ಇನ್ನೊಬ್ಬರು ಪೊಲೀಸ್ ಠಾಣೆಗೆ ಹೋದರು. ‘ವಿಲಾಸ’ದ ಕತೆ ನಗೆ ತರುವಂಥದು. ಶೃಂಗಾರಚೇಷ್ಟೆಯ ಈ ಮಾತು ಕನ್ನಡದಲ್ಲಿ ‘ವಿಳಾಸ’ವಾಗಿ ಅಂಚೆಯ ಲಕೋಟೆಯ ಮೇಲೆ ಕುಳಿತು ಸಭ್ಯ ಗೃಹಸ್ಥನಾಗಿದೆ. ಹೀಗೆ ಕೆಲವು ಮಾತುಗಳು ಕೆಸರಿನಿಂದ ಎದ್ದು ಬರುವುದೂ ಉಂಟು.

ರುಚಿಯ ಮಾತುಗಳದು ಬೇರೊಂದು ಗುಂಪು. ಇಂಗ್ಲಿಷಿನ ‘ಸಾಸಿ’ ಎಂಬುದು ಸಾಸಿನಿಂದ ಬಂದದ್ದು, ಸಾಸು ಉಪ್ಪು ಹಾಕಿದ್ದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ನಾವೂ ಉಪ್ಪು ಖಾರ ಹಚ್ಚಿ ಮಾತಾಡುತ್ತೇವೆ, ಮಸಾಲೆ ಬೆರೆಸುತ್ತೇವೆ, ಸಿನಿಮಾದಲ್ಲಿ ‘ಹಸಿಬಿಸಿ’ ದೃಶ್ಯ ಎನ್ನುತ್ತೇವೆ. ‘ಸರಸ’ ಎಂದರೂ ರಸವುಳ್ಳದ್ದು ಎಂದೇ ಅರ್ಥ. ನಾಲಗೆಯ ಚಪಲವನ್ನು ಕಣ್ಣಿನ ಚಪಲಕ್ಕೆ ಹೊಂದಿಸುವುದು ಎಲ್ಲ ದೇಶದ ಜನರಿಗೂ ಸಹಜವೆಂದು ಕಾಣುತ್ತದೆ.

ಇಲ್ಲಿಯವರೆಗಿನದು ನಗುನಗುತ್ತ ಹೇಳಬಹುದಾದ ಮಾತು. ಇನ್ನು ಮುಂದಿನದು ಅಷ್ಟು ಹಗುರವಲ್ಲ.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಅಲ್ಲಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಬಂಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರು ಬಸ್ಸುಗಳಲ್ಲಿ, ಲಕ್ಷಾಂತರ ಜನ ಬರುತ್ತಾರೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ನಮ್ಮ ಜನ ‘ರಂಡೇ ಹುಣ್ಣಿಮೆ’ ಎನ್ನುವರು. ಜಮದಗ್ನಿ ಸತ್ತು ದೇವಿ ವಿಧವೆಯಾದಳೆಂದು ಅಂದು ಬಳೆ ಒಡೆಯುವ ಪದ್ಧತಿ. ಮುಂದಿನ ಭರತ ಹುಣ್ಣಿಮೆ ಅವಳು ಮತ್ತೆ ಮುತ್ತೈದೆಯಾಗುವ ಹುಣ್ಣಿಮೆ. ಸಂಸ್ಕೃತದ ‘ರಂಡಾ’ ಎಂದರೆ ವಿಧವೆ, ಗಂಡ ಸತ್ತವಳು. ಅದೇ ಮಾತು ಬೀದಿಯಲ್ಲಿ ಎಂಥ ಬೈಗಳವಾಗಿದೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಗಂಡನನ್ನು ಕಳೆದುಕೊಂಡವಳ ಮೇಲೆ ಊರ ಕಣ್ಣು ಬಿತ್ತು. ಆ ಕಣ್ಣಿನ ಕೊಳೆ ಅವಳ ಹೆಸರಿಗೆ ಹತ್ತಿತು. ಆದರೆ ಗುಡ್ಡದ ಮೇಲೆ ಆ ಹುಣ್ಣಿಮೆಯ ಹೆಸರಿನಲ್ಲಿ ಮಾತ್ರ ಹಳೆಯ ಅರ್ಥ ಹಾಗೆಯೇ ನಿಂತಿದೆ. ದೇವಿಯನ್ನು ಆ ಹೆಸರಿನಿಂದ ಕರೆಯುವಾಗ ಯಾರೂ ನಗುವುದಿಲ್ಲ, ಅಳುತ್ತಾರೆ.

‘ಜೋಗತಿ’ ಎಂಬುದೂ ಹಾಗೆಯೇ. ಯೋಗಿ ಎಂಬುದರ ತದ್ಭವ ಜೋಗಿ. ಜೋಗಿಯ ಸ್ತ್ರೀಲಿಂಗ ಜೋಗಿತಿ, ಜೋಗತಿ. ಹೆಸರಿನ ಅರ್ಥ ನೋಡಿದರೆ ಅವಳು ಯೋಗಿನಿ. ‘ಬಸವಿ’ ಎಂಬುದು ಬಸವನ ಸ್ತ್ರೀಲಿಂಗ. ದೇವರ ಹೆಸರಿನಲ್ಲಿ ಗೂಳಿಯನ್ನು ಬಿಡುವಂತೆ ಮಗಳನ್ನು ಬಿಡುತ್ತಿದ್ದರು. ಇಂಗ್ಲಿಷಿನ ‘ವಾಂಟನ್’ ಮೂಗುದಾರವಿಲ್ಲದವಳು. ನಮ್ಮ ಬಸವಿ ಮೂಗುದಾರ ಬಿಚ್ಚಲ್ಪಟ್ಟವಳು. ಬಿಟ್ಟವರು ತಂದೆತಾಯಿ, ಒಪ್ಪಿದವರು ಊರವರು, ಅನುಭವಿಸಿದವರು ಉಳ್ಳವರು. ಹೆಸರು ಕೆಟ್ಟದ್ದು ಅವಳದು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲಿ ದೇವದಾಸಿ ಸಂರಕ್ಷಣೆಯ ಕಾಯದೆ ಬಂತು. 1982ರಲ್ಲಿ ಕರ್ನಾಟಕ ಸರಕಾರ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯದೆ ಮಾಡಿತು. ಕಾಯದೆಗಳು ಬಿಡುವ ಪದ್ಧತಿಯನ್ನು ಅಪರಾಧವೆಂದು ಸಾರಿದವು. ಮಾತಿಗೆ ಹತ್ತಿದ ಕೊಳೆಯನ್ನು ತೊಳೆಯುವುದು ಕಾಯದೆಯ ಕೈಲಾಗುವ ಕೆಲಸವಲ್ಲ.

ಇಲ್ಲಿ ಕನ್ನಡ ವ್ಯಾಕರಣದ ಒಂದು ಸೂಕ್ಷ್ಮವನ್ನು ಹೇಳಬೇಕು. ನಮ್ಮ ವಿಶೇಷಣಗಳಲ್ಲಿ ಎಷ್ಟೋ ಮಾತುಗಳು ಮೂಲತಃ ಕೃದಂತಗಳು, ಎಂದರೆ ಕ್ರಿಯೆಯಿಂದ ಹುಟ್ಟಿದವು. ‘ಕೆಟ್ಟ’ ಎಂಬುದು ‘ಕೆಡು’ ಧಾತುವಿನ ಭೂತಕೃದಂತ. ಹಾಲು ಕೆಟ್ಟಿತು ಎಂದರೆ ಬಿಸಿಲು ಕೆಡಿಸಿತೋ, ಹುಳಿ ಕೆಡಿಸಿತೋ ಎಂದು ಕೇಳುತ್ತೇವೆ. ‘ಕೆಟ್ಟವಳು’ ಎಂದಾಗ ಕೆಡಿಸಿದವನು ಯಾರೆಂದು ಯಾರೂ ಕೇಳುವುದಿಲ್ಲ; ವಾಕ್ಯದಲ್ಲಿ ಅವನಿಗೆ ಸ್ಥಳವೇ ಇಲ್ಲ. ‘ಗಂಡ ಬಿಟ್ಟವಳು’ ಎಂಬ ಮಾತನ್ನು ಬಿಡಿಸಿ ನೋಡಿರಿ. ಗಂಡನು ಇವಳನ್ನು ಬಿಟ್ಟನೋ, ಇವಳು ಗಂಡನನ್ನು ಬಿಟ್ಟಳೋ ಎಂಬುದನ್ನು ಆ ಸಮಾಸ ತಿಳಿಸುವುದಿಲ್ಲ. ಯಾರೇ ಬಿಟ್ಟಿರಲಿ, ವಿಶೇಷಣ ಮಾತ್ರ ಅವಳ ಕೊರಳಿಗೆ ಬೀಳುತ್ತದೆ. ಕರ್ತೃವನ್ನು ಮರೆಸುವ ಈ ಬಗೆಯನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದೆ. ಅದರಲ್ಲಿ ಅನ್ಯಾಯವೊಂದು ಅಡಗಿದೆಯೆಂಬುದು ತಡವಾಗಿ ತಿಳಿಯಿತು.

ಇಂಗ್ಲಿಷರಲ್ಲಿಯೂ ಇದೇ ರೀತಿ. ‘ಹಾರ್ಲಟ್’ ಎಂಬುದು ಇಂದು ವೇಶ್ಯೆಗೆ ಹೇಳುವ ಹಳೆಯ ಬೈಗಳ. ಹದಿಮೂರನೆಯ ಶತಮಾನದಲ್ಲಿ ಅದು ಗಂಡಸಿಗೆ, ಊರೂರು ಅಲೆಯುವ ಪೋಕರಿಗೆ ಇದ್ದ ಹೆಸರು. ಕವಿ ಚಾಸರನೂ ಅದನ್ನು ಗಂಡಸಿಗೆ ಬಳಸಿದ್ದಾನೆ. ಗಂಡಸಿನಿಂದ ಜಾರಿ ಹೆಂಗಸಿನ ಮೇಲೆ ಬಿದ್ದ ಮೇಲೆ ಅದು ಮತ್ತೆ ಏಳಲೇ ಇಲ್ಲ. ‘ಮಾಸ್ಟರ್’ ಎಂಬುದರ ಸ್ತ್ರೀಲಿಂಗ ‘ಮಿಸ್ಟ್ರೆಸ್’. ಮಾಸ್ಟರನು ಇಂದಿಗೂ ಯಜಮಾನ, ಗುರು. ಮಿಸ್ಟ್ರೆಸ್ಸಿಗೆ ಇಟ್ಟುಕೊಂಡವಳು ಎಂಬ ಅರ್ಥವೂ ಅಂಟಿಕೊಂಡಿದೆ. 2023ರ ಆಗಸ್ಟಿನಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ನ್ಯಾಯಾಧೀಶರಿಗಾಗಿ ಒಂದು ಕೈಪಿಡಿಯನ್ನು ಹೊರಡಿಸಿತು. ತೀರ್ಪುಗಳಲ್ಲಿ ಬಳಸಬಾರದ ಮಾತುಗಳ ಪಟ್ಟಿ ಅದರಲ್ಲಿದೆ. ‘ಹಾರ್ಲಟ್’ ಎನ್ನಬೇಡಿ, ‘ಹೆಂಗಸು’ ಎನ್ನಿರಿ ಎಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ‘ಶೀಲವತಿಯಾದ ಹೆಂಗಸು’ ಎಂದೂ ಅನ್ನಬೇಡಿ, ‘ಹೆಂಗಸು’ ಎಂದರೆ ಸಾಕು ಎನ್ನುತ್ತದೆ. ಹೊಗಳುವ ವಿಶೇಷಣದ ನೆರಳಿನಲ್ಲೇ ತೆಗಳುವ ವಿಶೇಷಣ ಬೆಳೆಯುತ್ತದೆಂಬುದನ್ನು ಆ ಕೈಪಿಡಿಯವರು ಸರಿಯಾಗಿ ಗುರುತಿಸಿದ್ದಾರೆ.

ಅಶ್ಲೀಲವೆಂಬ ಮುದ್ರೆಯನ್ನು ಒತ್ತುವವರು ಯಾರು ಎಂಬ ಪ್ರಶ್ನೆಗೆ ನಮ್ಮ ನಾಡಿನ ಒಬ್ಬ ಹೆಣ್ಣುಮಗಳು ಎದೆಗೊಟ್ಟ ಕತೆಯನ್ನು ಇಲ್ಲಿ ಹೇಳದಿದ್ದರೆ ಮಾತು ಪೂರ್ತಿಯಾಗದು. ನಂಜನಗೂಡಿನಲ್ಲಿ 1878ರಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ದೊಡ್ಡ ಗಾಯಕಿ, ಬಹುಭಾಷಾ ವಿದುಷಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಮಂದಿರವನ್ನು ಸ್ವಂತ ಗಳಿಕೆಯಿಂದ ಕಟ್ಟಿಸಿದವರು. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಅವರು 1910ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿದರು. ಹೆಂಗಸೊಬ್ಬಳು ಇಂಥ ಶೃಂಗಾರವನ್ನು ಬರೆಯಬಹುದೇ ಎಂದು ದೊಡ್ಡ ಪಂಡಿತರೇ ಆಕ್ಷೇಪಿಸಿದ್ದರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೇ, ಗಂಡಸು ಕವಿಗಳಿಗೆ ಅದು ಬೇಡವೇ ಎಂದು ನಾಗರತ್ನಮ್ಮನವರು ಮರುಪ್ರಶ್ನೆ ಹಾಕಿದರು. 1911ರಲ್ಲಿ ಬ್ರಿಟಿಷ್ ಸರಕಾರ ಅಶ್ಲೀಲವೆಂದು ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾಗಿ ಅದು ಮತ್ತೆ ಅಚ್ಚಾದದ್ದು 1952ರಲ್ಲಿ; ಅದೇ ವರ್ಷ ನಾಗರತ್ನಮ್ಮನವರು ತೀರಿಕೊಂಡರು.

ಸೂಚಿಸಿ ಹೇಳುವುದೇ ದೋಷವೆಂದು ಮಾತ್ರ ವಾಚಕರು ತಿಳಿಯಬಾರದು. ಇಂಗ್ಲಿಷಿನಲ್ಲಿ ‘ಸಜೆಸ್ಟಿವ್’ ಎಂದರೆ ಸೂಚಿಸುವಂಥದು. ಆದರೆ ಇಂದು ಆ ಮಾತು ಕೇಳಿದೊಡನೆ ಒಂದೇ ಬಗೆಯ ಸೂಚನೆಗೆ ಮನಸ್ಸು ಹೋಗುತ್ತದೆ. ನಮ್ಮವರು ಸೂಚನೆಗೆ ಕೊಟ್ಟ ಹೆಸರು ‘ಧ್ವನಿ’. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯೇ ಕಾವ್ಯದ ಆತ್ಮವೆಂದು ಸಾರಿದನು. ಅದೇ ಶತಮಾನದ ಕವಿರಾಜಮಾರ್ಗದಲ್ಲೂ ಧ್ವನಿಯ ಹೆಸರು ಅಲಂಕಾರವಾಗಿ ಬಂದಿದೆ. ಹೇಳದೆ ಹೇಳುವ ಶಕ್ತಿ ಮಾತಿಗೆ ಭೂಷಣ. ಅದೇ ಶಕ್ತಿಯನ್ನು ನಾವು ಎರಡರ್ಥದ ಹಾಸ್ಯಕ್ಕೂ ಬಳಸುತ್ತೇವೆ, ಎಳೆಯ ಹುಡುಗಿಯೊಬ್ಬಳ ತಲೆ ತಗ್ಗಿಸುವುದಕ್ಕೂ ಬಳಸುತ್ತೇವೆ. ದೋಷ ಧ್ವನಿಯದಲ್ಲ, ಬಳಸುವವರದು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಬಾದಾಮಿಯ ಬಳಿಯ ಮಹಾಕೂಟದ ಗುಡಿಯಲ್ಲಿ ಒಂದು ಕಂಬವಿದೆ. 696ರಿಂದ 733ರ ವರೆಗೆ ಆಳಿದ ಚಾಲುಕ್ಯ 상ರಾಟ ವಿಜಯಾದಿತ್ಯನ ಕಾಲದ ಕನ್ನಡ ಶಾಸನ ಅದರ ಮೇಲಿದೆ. ಫ್ಲೀಟ್ ಅದನ್ನು ಓದಿ ಪ್ರಕಟಿಸಿದ್ದಾನೆ. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ಎಂಬಾಕೆ ಹಿರಣ್ಯಗರ್ಭವೆಂಬ ಮಹಾದಾನವನ್ನು ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟಳೆಂದು ಅದು ತಿಳಿಸುತ್ತದೆ. ಹಿರಣ್ಯಗರ್ಭವು ಅರಸರು ಮಾಡುವಂಥ ದಾನ. ಆಕೆಯ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಶಾಸನ ಗೌರವದಿಂದ ಕೆತ್ತಿದೆ. ಆಕೆಯನ್ನು ಶಾಸನ ಕರೆಯುವುದು ‘ಸೂಳೆಯರ್’ ಎಂದು. ಅದು ಗೌರವದ ಬಹುವಚನ. ಇಂದು ನಾವು ‘ಗುರುಗಳು’, ‘ತಾಯಿಯವರು’ ಎನ್ನುತ್ತೇವಲ್ಲ, ಹಾಗೆ. ನಮ್ಮ ತರಗತಿಯನ್ನು ಗೊಳ್ಳೆನ್ನಿಸಿದ ಮಾತನ್ನು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕಲ್ಲುಕುಟಿಗನು ಗುಡಿಯ ಕಂಬದ ಮೇಲೆ ಕೈಮುಗಿದಂತೆ ಕೆತ್ತಿದ್ದಾನೆ.

ಇಷ್ಟರಿಂದ ಆ ಕಾಲ ಸುವರ್ಣಯುಗವೆಂದು ನಾನು ವಾದಿಸುವುದಿಲ್ಲ. ಅರಮನೆಗೆ ಸೇರಿದ ಒಬ್ಬಳಿಗೆ ಸಿಕ್ಕ ಮನ್ನಣೆ ಎಲ್ಲರಿಗೂ ಸಿಕ್ಕಿತ್ತೆಂದು ಹೇಳಲಾಗದು. ನಾಲ್ಕು ಶತಮಾನಗಳು ಕಳೆದು ಕಲ್ಯಾಣಕ್ಕೆ ಬಂದ ಸಂಕವ್ವನ ಕಾಲಕ್ಕೆ ಆ ಹೆಸರಿನ ಬೆಲೆ ಕುಂದಿತ್ತು. ಆದರೂ ಶರಣರ ನಡುವೆ ನಿಂತು ಅವಳು ತನ್ನ ಹಳೆಯ ಕಾಯಕದ ಹೆಸರನ್ನು ಮುಚ್ಚಿಡಲಿಲ್ಲ. ಅವಳ ಅಂಕಿತ ‘ನಿರ್ಲಜ್ಜೇಶ್ವರ’. ‘ನಿರ್ಲಜ್ಜ’ ಎಂಬ ವಿಶೇಷಣವನ್ನು ಊರು ಅವಳಂಥವರ ಮೇಲೆ ಎಸೆಯುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ದೇವರ ಹೆಸರಿಗೇ ಜೋಡಿಸಿದಳು. ಕೊಳೆ ಹತ್ತಿದ ಮಾತನ್ನು ತೊಳೆಯಲು ಅವಳು ಕಂಡುಕೊಂಡ ಉಪಾಯವದು.

ನಮ್ಮ ಕಾಲದಲ್ಲಿಯೂ ಅಂಥದು ನಡೆದಿದೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ತಮ್ಮ ಹೆಸರಿನಿಂದ ‘ಜೋಗತಿ’ಯನ್ನು ತೆಗೆದುಹಾಕಲಿಲ್ಲ. ರಾಷ್ಟ್ರಪತಿ ಭವನದಲ್ಲಿ ಆ ಮಾತನ್ನು ಗಟ್ಟಿಯಾಗಿ ಓದಿ ಕರೆದರು. ಆ ದಿನ ನನಗೆ ಹಲಗೆಯ ಮೇಲೆ ಒರೆಸಿದ ಸಾಲಿನ ನೆನಪಾಯಿತು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಹತ್ತನೆಯ ಇಯತ್ತೆ ಮುಗಿಸಿ ಹೋದವಳು ಮತ್ತೆ ಸಿಗಲಿಲ್ಲ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಬೇರೆ ಮಕ್ಕಳಿಗೆ ಕೊಡುತ್ತ ಬಂದಿದ್ದೇನೆ. ಈಗ ಶರಣೆಯರ ಪಾಠ ಬಂದಾಗ ಆರನೆಯ ಹೆಸರನ್ನು ಪೂರ್ತಿಯಾಗಿ ಬರೆಯುತ್ತೇನೆ. ಮಕ್ಕಳು ನಗುತ್ತಾರೆ. ನಗು ಅಡಗಿದ ಮೇಲೆ ಮಹಾಕೂಟದ ಕಂಬದ ಕತೆ ಹೇಳುತ್ತೇನೆ, ಅಂಕಿತದ ಅರ್ಥ ಬಿಡಿಸುತ್ತೇನೆ. ಆಮೇಲೆ ಆ ಹೆಸರನ್ನು ಎಲ್ಲರೂ ಒಮ್ಮೆ ಗಟ್ಟಿಯಾಗಿ ಓದಬೇಕೆಂದು ಹೇಳುತ್ತೇನೆ. ಎರಡನೆಯ ಸಲ ಯಾರೂ ನಗುವುದಿಲ್ಲ.